ಆನೆ ಎಲ್ಲಿದೆ ಎಂಬ ಸುದ್ದಿ

(ಸಂವಾದಿಗಳು ಇಬ್ಬರು: ಸಕಲೇಶಪುರ ಸೀಮೆಯ ಒಬ್ಬ ಕಾಫಿ ಬೆಳೆಗಾರರು ಮತ್ತು ವನ್ಯಜೀವಿಗಳ ನಡವಳಿಕೆಯನ್ನು ಅಭ್ಯಸಿಸಿದ ಒಬ್ಬ ಸಂಶೋಧಕಿ.)

ಬೆಳೆಗಾರ: ಕಾಡುಪ್ರಾಣಿ ಎದುರಾದಾಗ ಪಾರಾಗುವುದು ಹೇಗೆ ಎಂಬುದಕ್ಕೆ ಸಲಹೆಗಳಿಗೇನೂ ಕೊರತೆಯಿಲ್ಲ. ಓಡಬೇಡಿ ಎನ್ನುವವರಿದ್ದಾರೆ, ಓಡಿ ಎನ್ನುವವರಿದ್ದಾರೆ, ಮರ ಹತ್ತಿ ಎನ್ನುವವರೂ ಸತ್ತಂತೆ ಮಲಗಿ ಎನ್ನುವವರೂ ಇದ್ದಾರೆ. ಮುಂಜಾನೆಯ ಮಂಜಿನಲ್ಲಿ ತೋಟಕ್ಕೆ ಇಳಿಯುವ ಕೆಲಸಗಾರರು ಇವುಗಳಲ್ಲಿ ಯಾವುದನ್ನು ನಂಬಬೇಕು?

ಸಂಶೋಧಕಿ: ಆ ಸಲಹೆಗಳಲ್ಲಿ ಹಲವು ಯಾವುದೋ ಒಂದು ಪ್ರಾಣಿಯ ಮಟ್ಟಿಗೆ ಸರಿಯಾಗಿದ್ದು, ಇನ್ನೊಂದಕ್ಕೆ ಅನ್ವಯಿಸಿದೊಡನೆ ಪ್ರಾಣಕ್ಕೆ ಎರವಾಗುವಂಥವು. ಚಿರತೆಯ ಎದುರು ಬೆನ್ನು ತಿರುಗಿಸಿ ಓಡುವುದು ಅದರ ಬೇಟೆಯ ಪ್ರವೃತ್ತಿಯನ್ನು ಕೆರಳಿಸಿದಂತೆ. ಆದರೆ ಆನೆ ನಿಜವಾಗಿಯೇ ಮೇಲೆರಗುತ್ತಿರುವಾಗ ನಿಂತಲ್ಲೇ ನಿಲ್ಲುವವರು ಉಳಿಯುವುದು ಕಷ್ಟ. ಆದ್ದರಿಂದ ಎಲ್ಲ ಪ್ರಾಣಿಗಳಿಗೂ ಹೊಂದುವ ಒಂದೇ ಸೂತ್ರವನ್ನು ಹುಡುಕುವುದೇ ಅಪಾಯಕರ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ: ಈ ಸಲಹೆಗಳೆಲ್ಲ ಪ್ರಾಣಿಯು ಎದುರಿಗೆ ಬಂದು ನಿಂತ ಕ್ಷಣದಿಂದ ಆರಂಭವಾಗುತ್ತವೆ, ಆದರೆ ಆ ಕ್ಷಣದಲ್ಲಿ ಮನುಷ್ಯನ ಕೈಯಲ್ಲಿ ಉಳಿದಿರುವುದು ಬಹಳ ಕಡಿಮೆ. ಪ್ರಾಣ ಉಳಿಯುವುದೂ ಹೋಗುವುದೂ ಹೆಚ್ಚಾಗಿ ಅದಕ್ಕೆ ಮುಂಚಿನ ಗಂಟೆಗಳಲ್ಲಿ, ಅಂದರೆ ಪ್ರಾಣಿ ಎಲ್ಲಿದೆ ಎಂಬ ಸುದ್ದಿ ಆ ದಾರಿಯಲ್ಲಿ ನಡೆಯಬೇಕಾದವರಿಗೆ ತಲುಪಿತೋ ಇಲ್ಲವೋ ಎಂಬುದರಲ್ಲಿ ತೀರ್ಮಾನವಾಗಿರುತ್ತದೆ.

ಬೆಳೆಗಾರ: ಕಾಡಿನ ಅಂಚಿನ ಊರುಗಳಿಗೆ ಆ ಮಾತು ಒಪ್ಪಬಹುದು. ಆದರೆ ಆಲೂರು, ಸಕಲೇಶಪುರ, ಬೇಲೂರು ಸೀಮೆಯಲ್ಲಿ ಆನೆಯು ಕಾಡಿನಿಂದ ಬಂದು ಹೋಗುವ ಪ್ರಾಣಿಯಾಗಿ ಉಳಿದಿಲ್ಲ. ಹಗಲು ಕಾಫಿ ಗಿಡಗಳ ನಡುವೆ ನಿಲ್ಲುತ್ತದೆ, ರಾತ್ರಿ ಗದ್ದೆಗೆ ಇಳಿಯುತ್ತದೆ, ತೋಟದ ಕೆರೆಯಲ್ಲೇ ನೀರು ಕುಡಿಯುತ್ತದೆ. ತೋಟದಲ್ಲೇ ಹುಟ್ಟಿ ಬೆಳೆದ ಮರಿಗಳೂ ಇವೆ. ಹೀಗಿರುವಾಗ ಎಚ್ಚರಿಕೆಯ ಸುದ್ದಿಗಿಂತ ಆನೆಗಳನ್ನು ಹಿಡಿದು ಸಾಗಿಸುವುದೇ ನೇರವಾದ ಪರಿಹಾರವಲ್ಲವೇ?

ಸಂಶೋಧಕಿ: ಆ ಪರಿಹಾರವನ್ನು ಇದೇ ಸೀಮೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಪ್ರಯತ್ನಿಸಿದ್ದಾಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ಸೂಚನೆಯ ಮೇರೆಗೆ ರಚನೆಯಾಗಿ, ಆನೆ ತಜ್ಞ ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ ಕೆಲಸ ಮಾಡಿದ ಆನೆ ಕಾರ್ಯಪಡೆಯು 2012ರಲ್ಲಿ ವರದಿ ಸಲ್ಲಿಸಿತು. ಆನೆಗಳನ್ನು ಸಂರಕ್ಷಿಸಬೇಕಾದ ಪ್ರದೇಶ, ಆನೆಯೂ ಮನುಷ್ಯರೂ ಹೊಂದಿಕೊಂಡು ಬಾಳಬೇಕಾದ ಪ್ರದೇಶ, ಆನೆಗಳನ್ನು ತೆರವುಗೊಳಿಸಬೇಕಾದ ಪ್ರದೇಶ ಎಂದು ನೆಲವನ್ನು ಮೂರಾಗಿ ವಿಂಗಡಿಸಬೇಕೆಂಬುದು ಅದರ ಮುಖ್ಯ ಸಲಹೆಯಾಗಿತ್ತು. ಅದರ ಬೆನ್ನಲ್ಲೇ ಆಲೂರು ಭಾಗದಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಕೆಲವೇ ವರ್ಷಗಳಲ್ಲಿ ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದು ನೆಲೆಸಿದವು. ಆನೆಯನ್ನು ಅಲ್ಲಿಗೆ ಸೆಳೆಯುವ ನೀರು, ನೆರಳು, ಹಲಸು, ಬಾಳೆ, ಬೈನೆ ಮರ, ಮಾಗುವ ಭತ್ತ ಎಲ್ಲವೂ ಅಲ್ಲೇ ಉಳಿದಿದ್ದವಷ್ಟೆ. 2023ರ ಗಣತಿಯ ಪ್ರಕಾರ ರಾಜ್ಯದಲ್ಲಿ 6,395 ಆನೆಗಳಿವೆ, ದೇಶದ ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. ಎಲ್ಲವನ್ನೂ ಹಿಡಿದು ಶಿಬಿರಗಳಲ್ಲಿ ಕಟ್ಟಿಹಾಕುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ಮನುಷ್ಯರ ಮೇಲೆ ಪದೇ ಪದೇ ಎರಗುವ ಒಂದು ನಿರ್ದಿಷ್ಟ ಆನೆಯನ್ನು ಹಿಡಿಯುವುದು ಅನಿವಾರ್ಯವಾಗಬಹುದು, ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಅವಕಾಶವಿದೆ. ಆದರೆ ನಾಳೆ ಬೆಳಿಗ್ಗೆ ತೋಟಕ್ಕೆ ಇಳಿಯುವವರ ಪ್ರಾಣವು ಅಂಥ ಕಾರ್ಯಾಚರಣೆಗಾಗಿ ಕಾಯುವಂತಿಲ್ಲ.

ಬೆಳೆಗಾರ: ಅಷ್ಟು ದೊಡ್ಡ ಪ್ರಾಣಿ ಕಣ್ಣಿಗೆ ಬೀಳದೆ ಎದುರಾಗುತ್ತದೆ ಎಂಬುದನ್ನು ಪೇಟೆಯ ಜನ ನಂಬುವುದೇ ಇಲ್ಲ. ಹತ್ತು ಮಾರು ದೂರದಲ್ಲಿ ಸಲಗ ನಿಂತಿದ್ದರೂ ಗೊತ್ತಾಗದೆ ನಡೆದುಹೋದವರು ತೋಟಗಳಲ್ಲಿ ಬೇಕಾದಷ್ಟು ಜನ ಇದ್ದಾರೆ.

ಸಂಶೋಧಕಿ: ಅದಕ್ಕೆ ಕಾರಣ ಆನೆಯ ದೇಹರಚನೆಯಲ್ಲೇ ಇದೆ. ಆನೆಯ ಪಾದದ ಒಳಗೆ, ಮೂಳೆಗಳ ಹಿಂದೆ, ಕೊಬ್ಬು ಮತ್ತು ನಾರಿನ ದಪ್ಪ ಮೆತ್ತೆಯಿದ್ದು, ನೆಲಕ್ಕೆ ಊರಿದಾಗ ಅದು ಹರಡಿಕೊಂಡು ಭಾರವನ್ನು ಹಂಚುತ್ತದೆ. ಹೀಗಾಗಿ ಕೊಂಬೆ ಮುರಿಯದೆ ಸುಮ್ಮನೆ ನಡೆಯುವ ಆನೆ ಸದ್ದು ಮಾಡುವುದೇ ಅಪರೂಪ. ಆಳೆತ್ತರದ ರೋಬಸ್ಟಾ ಗಿಡಗಳು, ಮೇಲೆ ದಟ್ಟ ನೆರಳಿನ ಮರಗಳು, ಚಳಿಗಾಲದ ಮಂಜು, ಮಳೆಗಾಲದ ಹನಿಗಳ ಸದ್ದು ಇವೆಲ್ಲ ಸೇರಿ ನೋಟವನ್ನೂ ಕೇಳ್ಮೆಯನ್ನೂ ಮೊಟಕುಗೊಳಿಸುತ್ತವೆ. ಇನ್ನು ಆನೆಯ ಕಡೆಯಿಂದ ನೋಡಿದರೆ, ಅದರ ದೃಷ್ಟಿ ಅಷ್ಟೇನೂ ಚುರುಕಲ್ಲ. ಅದು ಲೋಕವನ್ನು ಅರಿಯುವುದು ಮುಖ್ಯವಾಗಿ ಸೊಂಡಿಲಿನ ಮೂಲಕ. ಗಾಳಿ ಮನುಷ್ಯನ ಕಡೆಯಿಂದ ಆನೆಯತ್ತ ಬೀಸುತ್ತಿದ್ದರೆ ಬಹು ದೂರದಿಂದಲೇ ಮನುಷ್ಯನ ವಾಸನೆ ಹಿಡಿದು, ಬಹುತೇಕ ಸಂದರ್ಭಗಳಲ್ಲಿ ತಾನೇ ದೂರ ಸರಿಯುತ್ತದೆ. ಗಾಳಿ ಎದುರುದಿಕ್ಕಿನಲ್ಲಿದ್ದಾಗ ಮನುಷ್ಯನಿಗೆ ಆನೆಯ ಅರಿವಿಲ್ಲ, ಆನೆಗೆ ಮನುಷ್ಯನ ಅರಿವಿಲ್ಲ. ಇಬ್ಬರೂ ಒಂದೇ ಗಳಿಗೆಯಲ್ಲಿ ಬೆಚ್ಚಿಬೀಳುವ ಆ ಸನ್ನಿವೇಶವೇ ಅತ್ಯಂತ ಅಪಾಯಕರವಾದದ್ದು. ಆನೆಯು ಮನುಷ್ಯರನ್ನು ಹುಡುಕಿಕೊಂಡು ಬರುತ್ತದೆ ಎಂಬ ಭಯಕ್ಕೆ ಆಧಾರ ತೀರಾ ಕಡಿಮೆ. ಬೆಚ್ಚಿದ ಆನೆ ತನಗೂ ಬೆಚ್ಚಿಸಿದವರಿಗೂ ನಡುವೆ ಅಂತರ ಉಂಟುಮಾಡಲು ನೋಡುತ್ತದೆ, ಅಂತರ ಸಿಗದಿದ್ದಾಗ ಎದುರಿಗಿರುವವರನ್ನು ತೆಗೆದುಹಾಕುತ್ತದೆ.

ಬೆಳೆಗಾರ: ಹಳೆಯ ಕೆಲಸಗಾರರಿಗೆ ಇದನ್ನು ತಡೆಯುವ ಬಗೆ ಗೊತ್ತಿತ್ತು. ತೋಟದೊಳಗೆ ಕಾಲಿಡುವ ಮೊದಲು ನಿಂತು ಕಿವಿಗೊಡುವುದು, ಹಬೆಯಾಡುವ ಲದ್ದಿ ಕಂಡರೆ ಅಲ್ಲಿಂದಲೇ ಹಿಂದಿರುಗುವುದು, ಸಿಗಿದ ಬಾಳೆಯ ಗಾಯ ಇನ್ನೂ ಹಸಿಯಾಗಿದೆಯೇ ಎಂದು ನೋಡುವುದು, ಆನೆಯ ಮೈವಾಸನೆ ಬಂದರೆ ಸದ್ದಿಲ್ಲದೆ ಸರಿಯುವುದು ಇವೆಲ್ಲ ಹಿರಿಯರಿಂದ ಕಿರಿಯರಿಗೆ ಬಂದ ತಿಳಿವಳಿಕೆ. ಈಗ ಕಾಫಿ ಕೊಯ್ಲಿಗೂ ಮರಗಸಿಗೂ ಬರುವವರಲ್ಲಿ ಹೊರಗಿನವರು ಬಹಳ. ಅವರಿಗೆ ಆನೆಯ ಪರಿಚಯವೂ ಇಲ್ಲ, ನೆಲದ ಪರಿಚಯವೂ ಇಲ್ಲ.

ಸಂಶೋಧಕಿ: ತಾವು ಹೇಳಿದ ಆ ಚಿಹ್ನೆಗಳಿಗೆ ಸಂಶೋಧನೆಯು ಸೇರಿಸಬಹುದಾದದ್ದು ಆನೆಯ ಮನಃಸ್ಥಿತಿಯ ಚಿಹ್ನೆಗಳನ್ನು. ಮೇಯುತ್ತ ಬಾಲ ಬೀಸುತ್ತ, ಕಿವಿಯನ್ನು ನಿಧಾನವಾಗಿ ಆಡಿಸುತ್ತಿರುವ ಆನೆ ನೆಮ್ಮದಿಯಲ್ಲಿದೆ. ಅದು ತಟ್ಟನೆ ಮೇಯುವುದನ್ನು ನಿಲ್ಲಿಸಿ ಸ್ತಬ್ಧವಾಗಿ ನಿಂತರೆ, ಕಿವಿಗಳನ್ನು ಅಗಲಿಸಿ ಹಿಡಿದರೆ, ಸೊಂಡಿಲಿನ ತುದಿಯನ್ನು ಮೇಲೆತ್ತಿ ಗಾಳಿಯನ್ನು ಮೂಸತೊಡಗಿದರೆ, ಅದಕ್ಕೆ ಯಾರೋ ಇದ್ದಾರೆಂಬ ಸಂದೇಹ ಬಂದಿದೆ ಎಂದು ತಿಳಿಯಬೇಕು. ತಲೆ ಕೊಡಹುವುದು, ಮಣ್ಣೆರಚುವುದು, ಮುಂಗಾಲನ್ನು ಹಿಂದಕ್ಕೂ ಮುಂದಕ್ಕೂ ತೂಗುವುದು ತಳಮಳದ ಲಕ್ಷಣಗಳು. ಇವು ಕಾಣುವಷ್ಟು ಹತ್ತಿರ ಮನುಷ್ಯ ಬಂದಿದ್ದರೆ ಆಗಲೇ ತಡವಾಗಿದೆಯೆಂದೇ ಲೆಕ್ಕ; ಆದರೂ ಸದ್ದು ಮಾಡದೆ, ಬಂದ ದಾರಿಯಲ್ಲೇ, ಆನೆಯ ಮೇಲೆ ಗಮನವಿಟ್ಟು ಹಿಂದೆ ಸರಿಯಲು ಅವಕಾಶ ಇರುತ್ತದೆ. ಆ ಹೊತ್ತಿನಲ್ಲಿ ಕೂಗುವುದು, ಕಲ್ಲೆಸೆಯುವುದು, ಮೊಬೈಲ್ ಎತ್ತಿ ಚಿತ್ರ ತೆಗೆಯುವುದು ಆ ಅವಕಾಶವನ್ನು ಕೈಯಾರೆ ಕಳೆದುಕೊಂಡಂತೆ. ತಾಯಿಗೂ ಮರಿಗೂ ನಡುವೆ ಸಿಕ್ಕಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ. ಒಂದು ಮರಿ ಕಂಡರೆ ಸುತ್ತಲಿನ ಗಿಡಗಳ ಮರೆಯಲ್ಲಿ ಇಡೀ ಹಿಂಡು ಇದೆಯೆಂದೇ ಭಾವಿಸಬೇಕು.

ಗಂಡಾನೆಗಳ ವಿಚಾರದಲ್ಲಿ ಮದವನ್ನು ಬೇರೆಯಾಗಿಯೇ ಪರಿಗಣಿಸಬೇಕು. ವಯಸ್ಕ ಗಂಡಾನೆಗಳಿಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಒದಗುವ ಈ ಅವಸ್ಥೆಯಲ್ಲಿ ಟೆಸ್ಟೊಸ್ಟಿರಾನ್ ಎಂಬ ಹಾರ್ಮೋನಿನ ಪ್ರಮಾಣ ವಿಪರೀತವಾಗಿ ಏರುತ್ತದೆ. ಕಣ್ಣು ಮತ್ತು ಕಿವಿಯ ನಡುವಿನ ಗ್ರಂಥಿಯಿಂದ ಒಸರುವ ಮದಜಲವು ಕೆನ್ನೆಯ ಮೇಲೆ ಕಪ್ಪು ಪಟ್ಟೆಯಾಗಿ ಕಾಣುತ್ತದೆ, ಮೂತ್ರ ಹನಿಯುತ್ತಲೇ ಇರುತ್ತದೆ. ಆಗ ಆನೆಯ ಎಂದಿನ ಸಂಕೋಚ ಕಳಚಿಹೋಗಿರುತ್ತದೆ. 2023ರ ಡಿಸೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ, ಹಲವು ವರ್ಷ ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತ ಅರ್ಜುನ ಪ್ರಾಣಬಿಟ್ಟದ್ದು ಮದದಲ್ಲಿದ್ದ ಕಾಡು ಸಲಗದೊಂದಿಗಿನ ಕಾಳಗದಲ್ಲಿ. ನುರಿತ ಮಾವುತರೂ ಪಳಗಿದ ಆನೆಗಳೂ ಇದ್ದ ಕಾರ್ಯಾಚರಣೆಯಲ್ಲೇ ಹಾಗಾಯಿತೆಂದ ಮೇಲೆ, ಕೆನ್ನೆಯ ಮೇಲೆ ಮದದ ಗೆರೆಯಿರುವ ಒಂಟಿ ಸಲಗ ಇದೆಯೆಂದು ತಿಳಿದುಬಂದ ತೋಟದ ಭಾಗಕ್ಕೆ ಅಂದು ಯಾರನ್ನೂ ಕಳುಹಿಸದಿರುವುದೇ ಸರಿ.

ಬೆಳೆಗಾರ: ಆನೆ ಕಿವಿಯಗಲಿಸಿ ಘೀಳಿಡುತ್ತ ಬಂದರೆ ಅದು ಬರಿಯ ಬೆದರಿಕೆ, ಸೊಂಡಿಲು ಸುರುಳಿ ಮಾಡಿಕೊಂಡು ತಲೆ ತಗ್ಗಿಸಿ ಮೌನವಾಗಿ ಬಂದರೆ ಅದು ನಿಜವಾದ ದಾಳಿ ಎನ್ನುತ್ತಾರೆ. ಆ ವ್ಯತ್ಯಾಸವನ್ನು ನಂಬಿ ನಡೆಯಬಹುದೇ?

ಸಂಶೋಧಕಿ: ಅನೇಕ ಬಾರಿ ಅದು ನಿಜವಾಗಿರುತ್ತದೆ, ಆದರೆ ಅದರ ಮೇಲೆ ಪ್ರಾಣವನ್ನು ಪಣವಿಡುವಂತಿಲ್ಲ, ಏಕೆಂದರೆ ಬೆದರಿಕೆಯಾಗಿ ಆರಂಭವಾದ ನುಗ್ಗಾಟವು ಎದುರಿನವರ ವರ್ತನೆಯಿಂದಾಗಿ ನಡುವೆಯೇ ದಾಳಿಯಾಗಿ ಮಾರ್ಪಡಬಹುದು. ಆನೆ ದೂರದಲ್ಲಿ ನುಗ್ಗಿ ನಿಂತರೆ ಆ ಎಡೆಯಲ್ಲಿ ನಿಧಾನವಾಗಿ ಹಿಂದೆ ಸರಿದು ಮರೆಯಾಗಬೇಕು. ನಿಲ್ಲದೆ ಬರುತ್ತಿದ್ದರೆ ಓಡಲೇಬೇಕು. ಹೇಗೆ ಮತ್ತು ಎಲ್ಲಿಗೆ ಓಡಬೇಕು ಎಂಬುದು ಮುಖ್ಯ. ಏಷ್ಯಾದ ಆನೆಗಳ ಓಟವನ್ನು ಅಳೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವು ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗ ಮುಟ್ಟಿದ್ದು ದಾಖಲಾಗಿದೆ. ಓಟದ ಮೈದಾನದಲ್ಲಿ ತರಬೇತಾದ ಯುವಕರು ಅದನ್ನು ಮೀರಬಲ್ಲರು; ಗಂಬೂಟು ಧರಿಸಿ, ಜಾರುವ ಇಳಿಜಾರಿನಲ್ಲಿ, ಕಾಫಿ ರೆಂಬೆಗಳ ನಡುವೆ ನುಸುಳಬೇಕಾದವರಿಗೆ ಅದು ಸಾಧ್ಯವಲ್ಲ. ಆದ್ದರಿಂದ ಓಟದ ಗುರಿ ದೂರವಲ್ಲ, ತಡೆ: ದಪ್ಪ ಕಾಂಡದ ಹಳೆಯ ಮರದ ಹಿಂಭಾಗ, ಬಂಡೆಗಳ ಸಂದು, ಆಳವಾದ ಕಂದಕದ ಆಚೆ ಬದಿ, ಗಟ್ಟಿ ಗೋಡೆಯ ಕಟ್ಟಡ. ನೆರಳಿಗೆ ನೆಟ್ಟ ಸಿಲ್ವರ್ ಓಕ್ ಮರಗಳಿಗೆ ಕೈಗೆಟುಕುವ ಕೊಂಬೆಗಳಿಲ್ಲ, ಅವನ್ನು ಹತ್ತುವ ಯತ್ನದಲ್ಲಿ ಕಾಲ ವ್ಯರ್ಥವಾಗುತ್ತದೆ. ಓಡುವಾಗ ಹೆಗಲ ಚೀಲವನ್ನೋ ತಲೆಯ ಗೊರಬನ್ನೋ ಕಂಬಳಿಯನ್ನೋ ಹಿಂದಕ್ಕೆ ಎಸೆದರೆ ಮನುಷ್ಯನ ವಾಸನೆಯಿರುವ ಆ ವಸ್ತುವಿನ ಬಳಿ ಆನೆ ನಿಂತು, ಅದನ್ನು ಮೂಸಿಯೋ ತುಳಿದೋ ಕೆಲವು ಕ್ಷಣಗಳನ್ನು ಕಳೆಯುವುದುಂಟು. ಇಳಿಜಾರಿನಲ್ಲಿ ಆನೆ ಓಡಲಾರದು ಎಂಬ ನಂಬಿಕೆಯನ್ನು ಮಾತ್ರ ಕೈಬಿಡುವುದು ಒಳ್ಳೆಯದು. ಮಲೆನಾಡಿನ ಆನೆಗಳು ಹುಟ್ಟಿನಿಂದಲೂ ಕಡಿದಾದ ನೆಲದಲ್ಲೇ ಓಡಾಡಿಕೊಂಡಿರುವಂಥವು.

ಬೆಳೆಗಾರ: ರಸ್ತೆಯ ಮೇಲಿನ ಭೇಟಿಗಳು ಇನ್ನೊಂದು ಬಗೆಯವು. ಸಂಜೆ ಸಂತೆ ಮುಗಿಸಿ ಬೈಕಿನಲ್ಲಿ ಮರಳುವವರು ತಿರುವಿನಲ್ಲಿ ಆನೆಯ ಮುಂದೆಯೇ ಬಂದು ನಿಲ್ಲುತ್ತಾರೆ. ಕಾರಿನಲ್ಲಿ ಬರುವ ಪ್ರವಾಸಿಗರು ಬೇಕೆಂದೇ ಹತ್ತಿರ ಹೋಗುತ್ತಾರೆ.

ಸಂಶೋಧಕಿ: ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. 2025ರ ಆಗಸ್ಟಿನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಸೆಲ್ಫಿಗಾಗಿ ಆನೆಯ ಹತ್ತಿರ ಹೋದವರೊಬ್ಬರು ಅದರ ಕಾಲಡಿಗೆ ಬಿದ್ದೂ ಬದುಕಿ ಉಳಿದರು. ಅಂಥವು ತಾವಾಗಿ ಬರಮಾಡಿಕೊಂಡ ಅಪಾಯ, ಅವಕ್ಕೆ ದಂಡವೇ ತಕ್ಕ ಮದ್ದು. ಬೈಕಿನಲ್ಲಿ ಮನೆಗೆ ಮರಳುವ ಕೂಲಿಕಾರರಿಗೆ ಬೇರೆ ದಾರಿಯೇ ಇಲ್ಲ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿಲ್ಲಿಸಿ, ಮರುವರ್ಷ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದದ್ದರಿಂದ ಪ್ರಾಣಿಗಳಿಗೂ ಪ್ರಯಾಣಿಕರಿಗೂ ಒಳಿತಾಯಿತು. ಆದರೆ ಊರೂರುಗಳ ನಡುವಿನ ತೋಟದ ರಸ್ತೆಗಳನ್ನು ಹಾಗೆ ಮುಚ್ಚಲಾಗದು. ಅಲ್ಲಿ ಮಾಡಬಹುದಾದದ್ದೆಂದರೆ ಆನೆ ಕಂಡೊಡನೆ ಸಾಕಷ್ಟು ದೂರದಲ್ಲೇ ನಿಲ್ಲುವುದು, ಹಾರ್ನ್ ಮಾಡದೆ, ದೀಪವನ್ನು ಅದರ ಕಣ್ಣಿಗೆ ಹಾಯಿಸದೆ, ಎಂಜಿನ್ ಚಾಲೂ ಇಟ್ಟುಕೊಂಡೇ ಕಾಯುವುದು, ಅದು ಇತ್ತ ತಿರುಗಿದರೆ ಹಿಂದಕ್ಕೆ ಹೋಗುವುದು. ಒಂದು ಆನೆ ರಸ್ತೆ ದಾಟಿದೊಡನೆ ಮುಂದುವರಿಯಬಾರದು, ಹಿಂಡಿನ ಉಳಿದವು ಇನ್ನೂ ಇತ್ತ ಬದಿಯಲ್ಲೇ ಇರಬಹುದು. ಇದಕ್ಕಿಂತ ಪರಿಣಾಮಕಾರಿಯಾದದ್ದು ಕತ್ತಲಾಗುವ ಮುನ್ನ ಊರು ಮುಟ್ಟುವ ಬಸ್ಸು. ಬಸ್ಸಿನ ವೇಳಾಪಟ್ಟಿಯನ್ನು ವನ್ಯಜೀವಿ ವಿಷಯವೆಂದು ಯಾರೂ ಪರಿಗಣಿಸುವುದಿಲ್ಲ, ಆದರೆ ಆನೆ ಸೀಮೆಯಲ್ಲಿ ಅದಕ್ಕಿಂತ ಮುಖ್ಯವಾದ ವನ್ಯಜೀವಿ ವಿಷಯ ಇನ್ನೊಂದಿಲ್ಲ.

ಬೆಳೆಗಾರ: ಇದೆಲ್ಲ ಆನೆಯ ಮಾತಾಯಿತು. ಬಳ್ಳಾರಿ, ಕೊಪ್ಪಳದ ಕಡೆ ಜನ ಹೆದರುವುದು ಕರಡಿಗೆ. ಶಾಲೆಯಲ್ಲಿ ಎಲ್ಲರೂ ಓದಿದ ಇಬ್ಬರು ಗೆಳೆಯರ ಕಥೆಯಲ್ಲಿ, ಸತ್ತಂತೆ ಮಲಗಿದವನನ್ನು ಕರಡಿ ಮೂಸಿ ಬಿಟ್ಟುಹೋಗುತ್ತದೆ. ಆ ಕಥೆಯಲ್ಲಿ ಏನಾದರೂ ಹುರುಳಿದೆಯೇ?

ಸಂಶೋಧಕಿ: ಕಥೆಯ ಉದ್ದೇಶ ಗೆಳೆತನದ ಪರೀಕ್ಷೆಯೇ ಹೊರತು ಕರಡಿಯ ಸ್ವಭಾವದ ವಿವರಣೆಯಲ್ಲ, ಆದರೂ ಅದರಲ್ಲಿ ಅರ್ಧ ನಿಜವಿದೆ. ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗೆಂದೇ ಅಭಯಾರಣ್ಯ ಸ್ಥಾಪನೆಯಾದ ಆ ಬಂಡೆಗುಡ್ಡಗಳ ನಾಡಿನಲ್ಲಿರುವುದು ಜೇನು, ಹಣ್ಣು, ಇರುವೆ, ಗೆದ್ದಲುಗಳನ್ನು ತಿಂದು ಬದುಕುವ ಕರಡಿ. ಅದರ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇಲ್ಲದಿರುವುದರಿಂದ, ತುಟಿಗಳನ್ನು ಚಾಚಿ ಹುತ್ತದೊಳಗಿನ ಗೆದ್ದಲನ್ನು ರಭಸದಿಂದ ಹೀರಿಕೊಳ್ಳಬಲ್ಲದು. ಆ ಸದ್ದು ದೂರದವರೆಗೂ ಕೇಳಿಸುತ್ತದೆ. ಮುಖವನ್ನು ಹುತ್ತದಲ್ಲಿ ಹುದುಗಿಸಿಕೊಂಡು ತನ್ನದೇ ಸದ್ದಿನಲ್ಲಿ ಮುಳುಗಿದ ಕರಡಿಗೆ ನಡೆದುಬರುವ ಮನುಷ್ಯನ ಹೆಜ್ಜೆ ಕೇಳಿಸುವುದಿಲ್ಲ, ಕೆಲವೇ ಅಡಿ ದೂರದಲ್ಲಿ ಅದು ತಲೆಯೆತ್ತಿದಾಗ ಇಬ್ಬರಿಗೂ ಯೋಚಿಸಲು ಸಮಯವಿರುವುದಿಲ್ಲ. ಹುಲಿ ಚಿರತೆಗಳ ನಡುವೆಯೇ ಸಹಸ್ರಾರು ವರ್ಷ ಬಾಳಿದ ಈ ಪ್ರಾಣಿಯು ಅಪಾಯವನ್ನು ಕಂಡಾಗ ಓಡಿಹೋಗುವುದಕ್ಕಿಂತ ಮೇಲೆ ಬಿದ್ದು ಹೋರಾಡುವುದನ್ನೇ ರೂಢಿಸಿಕೊಂಡಿದೆಯೆಂದು ವಿದ್ವಾಂಸರು ವಿವರಿಸುತ್ತಾರೆ. ಉದ್ದವಾದ ಉಗುರುಗಳಿಂದ ಅದು ತಲೆ ಮತ್ತು ಮುಖವನ್ನೇ ಗುರಿಮಾಡುವುದರಿಂದ, ಬದುಕಿ ಉಳಿದವರಲ್ಲೂ ಕಣ್ಣು, ಮೂಗು, ದವಡೆ ಕಳೆದುಕೊಂಡವರಿದ್ದಾರೆ.

ಆದ್ದರಿಂದ ಕರಡಿಯ ನಾಡಿನಲ್ಲಿ ಆನೆಯ ನಾಡಿನ ಮೌನವು ಸಲ್ಲದು. ಅಲ್ಲಿ ಮಾತಾಡುತ್ತ, ಕೋಲಿನಿಂದ ಕಲ್ಲು ತಟ್ಟುತ್ತ, ಇಬ್ಬರು ಮೂವರಾಗಿ ನಡೆದರೆ ಕರಡಿಗೆ ಮುಂಚಿತವಾಗಿ ಸುಳಿವು ಸಿಕ್ಕು ಅದು ಪಕ್ಕಕ್ಕೆ ಸರಿಯುತ್ತದೆ. ಓಡಿ ಗೆಲ್ಲುವುದಾಗಲಿ ಮರ ಹತ್ತಿ ತಪ್ಪಿಸಿಕೊಳ್ಳುವುದಾಗಲಿ ಆಗದು, ಎರಡರಲ್ಲೂ ಕರಡಿಯದೇ ಮೇಲುಗೈ. ಅದು ಮೇಲೆ ಬಿದ್ದೇ ಬಿಡುತ್ತದೆ ಎಂದಾದಾಗ ಮಾತ್ರ, ಹೊಟ್ಟೆ ನೆಲಕ್ಕೆ ತಾಗುವಂತೆ ಬೋರಲು ಬಿದ್ದು, ಮುಖವನ್ನು ಮಣ್ಣಿಗೆ ಒತ್ತಿ, ಹತ್ತು ಬೆರಳುಗಳನ್ನೂ ಹೆಣೆದು ಕತ್ತಿನ ಹಿಂಭಾಗವನ್ನು ಮುಚ್ಚಿಕೊಂಡರೆ ಮುಖ ಮತ್ತು ಕೊರಳು ಉಳಿಯುವ ಸಾಧ್ಯತೆ ಹೆಚ್ಚು. ಎದುರಿನವರು ಕದಲದಿದ್ದರೆ ಅಪಾಯ ಕಳೆಯಿತೆಂದು ಕರಡಿ ಬೇಗ ಹೊರಟುಹೋಗುತ್ತದೆ. ಕಥೆಯ ಅರ್ಧ ನಿಜವೆಂದದ್ದು ಇದೇ ಕಾರಣಕ್ಕೆ. ಆದರೆ ಈ ಭೇಟಿಗಳಿಗೂ ಬೇರೆಯೇ ಮೂಲವಿದೆ. ರಾತ್ರಿಯೆಲ್ಲ ಮೇದ ಕರಡಿ ಗವಿಗೆ ಮರಳುವ ನಸುಕಿನ ಹೊತ್ತೂ ಶೌಚಾಲಯವಿಲ್ಲದ ಮನೆಗಳವರು ಬಯಲಿಗೆ ಹೋಗುವ ಹೊತ್ತೂ ಒಂದೇ. ಕರಡಿ ಸೀತಾಫಲ ಹುಡುಕುವ ಗುಡ್ಡವೂ ಹೆಂಗಸರು ಮಕ್ಕಳು ಸೀತಾಫಲ ಕೀಳಲು ಹೋಗುವ ಗುಡ್ಡವೂ ಒಂದೇ. ಮನೆಯೊಳಗೆ ನೀರಿರುವ ಒಂದು ಶೌಚಾಲಯವು ಕರಡಿಯ ಬಗೆಗಿನ ಯಾವ ಉಪದೇಶಕ್ಕಿಂತಲೂ ಹೆಚ್ಚು ಮುಖಗಳನ್ನು ಉಳಿಸಬಲ್ಲದು.

ಬೆಳೆಗಾರ: ಚಿರತೆಯ ವಿಷಯವಾಗಿ ಕೇಳಲು ಹೆಚ್ಚೇನಿಲ್ಲ, ಕಂಡ ಊರಿನವರೆಲ್ಲ ಬೋನು ಇಡಿ ಎನ್ನುತ್ತಾರೆ, ಇಲಾಖೆ ಇಡುತ್ತದೆ.

ಸಂಶೋಧಕಿ: ಇಡುವುದರಿಂದ ಊರಿಗೆ ಸಮಾಧಾನ ಸಿಗುತ್ತದೆ, ಸುರಕ್ಷತೆ ಸಿಗುತ್ತದೆಂದು ಹೇಳಲಾಗದು. ಮಹಾರಾಷ್ಟ್ರದ ಜುನ್ನರ್ ಅರಣ್ಯ ವಿಭಾಗದಲ್ಲಿ ಈ ಶತಮಾನದ ಆರಂಭದ ವರ್ಷಗಳಲ್ಲಿ ಹಲವಾರು ಚಿರತೆಗಳನ್ನು ಹಿಡಿದು ಬೇರೆಡೆಯ ಕಾಡುಗಳಿಗೆ ಬಿಟ್ಟಾಗ, ಮನುಷ್ಯರ ಮೇಲಿನ ದಾಳಿಗಳು ತಗ್ಗುವ ಬದಲು ಏರಿದವೆಂಬುದನ್ನು ವಿದ್ಯಾ ಅತ್ರೇಯ ಮತ್ತು ಸಂಗಡಿಗರ ಅಧ್ಯಯನ ತೋರಿಸಿಕೊಟ್ಟಿದೆ. ತನ್ನ ನೆಲದಲ್ಲಿ ಜನರ ಕಣ್ಣು ತಪ್ಪಿಸಿ ನಾಯಿ ಹಂದಿಗಳನ್ನು ಹಿಡಿದು ಬದುಕುತ್ತಿದ್ದ ಪ್ರಾಣಿಯು ಅಪರಿಚಿತ ನೆಲದಲ್ಲಿ ದಿಕ್ಕೆಟ್ಟು ಅಲೆಯುತ್ತದೆ. ಮಂಡ್ಯ, ಮೈಸೂರು ಸೀಮೆಯ ಕಬ್ಬಿನ ಗದ್ದೆಗಳಲ್ಲಿ ಕಟಾವಿನ ವೇಳೆ ಮರಿಗಳು ಕಂಡರೆ ಎತ್ತಿಕೊಂಡು ಹೋಗದೆ ಆ ಭಾಗವನ್ನು ಅಂದಿನ ಮಟ್ಟಿಗೆ ಬಿಟ್ಟು ಇಲಾಖೆಗೆ ತಿಳಿಸಬೇಕು, ರಾತ್ರಿ ತಾಯಿ ಬಂದು ಅವನ್ನು ಬೇರೆಡೆಗೆ ಒಯ್ಯುತ್ತದೆ. ಚಿರತೆಯೇ ಎದುರಾದರೆ ನೆಟ್ಟಗೆ ನಿಂತು, ಕೈಯೆತ್ತಿ ಗಟ್ಟಿಯಾಗಿ ಮಾತಾಡುತ್ತ, ಮಗುವಿದ್ದರೆ ಎತ್ತಿಕೊಂಡು, ಮುಖ ತಿರುಗಿಸದೆ ಹಿಂದೆ ಸರಿಯಬೇಕು. ಕುಕ್ಕರಗಾಲಿನಲ್ಲಿ ಕುಳಿತವರೂ ಚಿಕ್ಕ ಮಕ್ಕಳೂ ಅದರ ಕಣ್ಣಿಗೆ ಬೇಟೆಯ ಗಾತ್ರದವರಾಗಿ ಕಾಣುವುದರಿಂದ, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬಾರದು. ಊರಿನೊಳಗೆ ಸಿಕ್ಕಿಬಿದ್ದ ಚಿರತೆಗಿಂತ ಅದನ್ನು ಸುತ್ತುವರಿದ ಗುಂಪು ಹೆಚ್ಚು ಅಪಾಯಕರವೆಂಬುದು ಮತ್ತೆ ಮತ್ತೆ ಕಂಡುಬಂದಿದೆ. ಹೊರಹೋಗುವ ದಾರಿ ತೆರೆದಿದ್ದರೆ ಅದು ಕತ್ತಲಾದೊಡನೆ ತಾನೇ ಹೋಗುತ್ತದೆ.

ಬೆಳೆಗಾರ: ಇಷ್ಟೆಲ್ಲ ಎಚ್ಚರದ ನಡುವೆಯೂ ಗಾಯವಾದರೆ? ತೋಟಗಳಿಂದ ಆಸ್ಪತ್ರೆ ದೂರ.

ಸಂಶೋಧಕಿ: ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಬಿಡದೆ ಒತ್ತಿ ಹಿಡಿಯುವುದು ಮೊದಲ ಕೆಲಸ. ಕರಡಿ, ಚಿರತೆ, ನರಿಗಳ ಕಚ್ಚು ಮತ್ತು ಪರಚು ಗಾಯಗಳಲ್ಲಿ ರೇಬೀಸ್ ತಗಲುವ ಸಂಭವವನ್ನು ಜನ ಮರೆಯುತ್ತಾರೆ. ರಕ್ತ ಹತೋಟಿಗೆ ಬಂದೊಡನೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಆಸ್ಪತ್ರೆಯಲ್ಲಿ ಧನುರ್ವಾಯುವಿನ ಚುಚ್ಚುಮದ್ದಿನೊಂದಿಗೆ ರೇಬೀಸ್ ಲಸಿಕೆಯನ್ನೂ ಇಮ್ಯುನೊಗ್ಲಾಬ್ಯುಲಿನನ್ನೂ ಕೇಳಿ ಪಡೆಯಬೇಕು. ಅರಿಸಿನ, ಸುಣ್ಣ, ಸೊಪ್ಪಿನ ರಸ ಯಾವುದನ್ನೂ ಮೆತ್ತಬಾರದು. ಆನೆ ತಳ್ಳಿದವರ ಮೈಮೇಲೆ ಒಂದು ಗೆರೆಯೂ ಕಾಣದಿರಬಹುದು, ಆದರೆ ಒಳಗೆ ಪಕ್ಕೆಲುಬು ಮುರಿದು ರಕ್ತ ಸೋರುತ್ತಿರಬಹುದು. ಎದ್ದು ನಡೆದಾಡುತ್ತಿದ್ದಾರೆಂದು ಮನೆಯಲ್ಲಿ ಮಲಗಿಸದೆ ಆಸ್ಪತ್ರೆಗೆ ಒಯ್ಯಲೇಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿದರೆ, ಅದೇ ದಾರಿಯಲ್ಲಿ ಮುಂದೆ ಬರುವವರನ್ನು ತಡೆಯಲೂ ಸಾಧ್ಯವಾಗುತ್ತದೆ.

ಬೆಳೆಗಾರ: ಮತ್ತೆ ಮೊದಲಿನ ಮಾತಿಗೇ ಬರುವುದಾದರೆ, ಸುದ್ದಿ ಮುಟ್ಟಿಸಿದರೆ ಸಾವು ತಗ್ಗುತ್ತದೆ ಎಂಬುದಕ್ಕೆ ಎಲ್ಲಿಯಾದರೂ ನಿದರ್ಶನ ಇದೆಯೇ?

ಸಂಶೋಧಕಿ: ತಮಿಳುನಾಡಿನ ಆನೈಮಲೆ ಬೆಟ್ಟಗಳಲ್ಲಿರುವ ವಾಲ್ಪಾರೈ ಇದಕ್ಕೆ ಅತ್ಯುತ್ತಮ ನಿದರ್ಶನ. ಚಹಾ ತೋಟಗಳ ಆ ಪ್ರಸ್ಥಭೂಮಿಯಲ್ಲಿ ಆನೆಯಿಂದ ಸತ್ತವರ ಪ್ರಕರಣಗಳನ್ನು ನೇಚರ್ ಕನ್ಸರ್ವೇಷನ್ ಫೌಂಡೇಷನ್ ಸಂಸ್ಥೆಯ ಆನಂದ ಕುಮಾರ್ ಮತ್ತು ಸಂಗಡಿಗರು ಒಂದೊಂದಾಗಿ ಪರಿಶೀಲಿಸಿದಾಗ, ಹೆಚ್ಚಿನವರಿಗೆ ಅಲ್ಲಿ ಆನೆಯಿರುವುದೇ ತಿಳಿದಿರಲಿಲ್ಲವೆಂಬುದು ಗೊತ್ತಾಯಿತು. ಆಮೇಲೆ ಅಂದಂದಿನ ಆನೆಗಳ ನೆಲೆಯನ್ನು ಸಂಜೆ ಸ್ಥಳೀಯ ಕೇಬಲ್ ಟಿವಿಯಲ್ಲಿ ಬಿತ್ತರಿಸುವುದು, ಮೊಬೈಲಿಗೆ ಸಂದೇಶ ಕಳುಹಿಸುವುದು, ದಾರಿಬದಿಯ ಎತ್ತರದ ಜಾಗಗಳಲ್ಲಿ ಫೋನ್ ಕರೆಯಿಂದಲೇ ಹೊತ್ತಿಸಬಹುದಾದ ಕೆಂಪು ದೀಪಗಳನ್ನು ನಿಲ್ಲಿಸುವುದು ಆರಂಭವಾಯಿತು. ದೀಪ ಹೊತ್ತಿಸುವ ಹೊಣೆಯನ್ನು ಊರಿನವರೇ ಹೊತ್ತರು, ಸಾವುಗಳು ಗಣನೀಯವಾಗಿ ಇಳಿದವು. ಹಾಸನ ಸೀಮೆಯಲ್ಲೂ ಅದೇ ಮಾದರಿಯಲ್ಲಿ ಸಂದೇಶಗಳೂ ಸೂಚನಾ ದೀಪಗಳೂ ಬಂದಿವೆ, ಅರಣ್ಯ ಇಲಾಖೆಯದೇ ಆದ ಆನೆ ಕಾರ್ಯಪಡೆಯ ಸಿಬ್ಬಂದಿ ಹಿಂಡುಗಳ ಜಾಡು ಹಿಡಿಯುತ್ತಾರೆ, ಕೆಲವು ಆನೆಗಳ ಕೊರಳಿಗೆ ರೇಡಿಯೊ ಕಾಲರ್ ಇದೆ. ಬೀಟಮ್ಮ ಎಂಬ ಆನೆಯ ಗುಂಪು ಯಾವ ಊರಿನ ಬಳಿಯಿದೆ, ಭೀಮ ಎಂಬ ಸಲಗ ಯಾವ ತೋಟ ದಾಟಿತು ಎಂಬುದು ಈಗ ಆ ಭಾಗದ ದಿನನಿತ್ಯದ ಸುದ್ದಿ.

ಬೆಳೆಗಾರ: ಸುದ್ದಿ ಬರುತ್ತದೆ, ಆದರೆ ಬೆಳೆಗಾರರ ಮೊಬೈಲಿಗೆ ಬರುತ್ತದೆ, ಅದೂ ಕನ್ನಡದಲ್ಲಿ. ತೋಟಕ್ಕೆ ಇಳಿಯುವವರಲ್ಲಿ ಅಸ್ಸಾಮಿನಿಂದ ಬಂದವರಿದ್ದಾರೆ, ಮೊಬೈಲೇ ಇಲ್ಲದ ಹೆಂಗಸರಿದ್ದಾರೆ. ಇನ್ನೊಂದು ಕಷ್ಟವೂ ಇದೆ: ಆನೆ ಇದೆಯೆಂದು ಗೊತ್ತಾದರೂ ದಿನಗೂಲಿ ತಪ್ಪುತ್ತದೆಂದು ಜನ ಇಳಿಯುತ್ತಾರೆ, ಹಣ್ಣು ಉದುರುತ್ತದೆಂದು ತೋಟದವರೂ ಇಳಿಸುತ್ತಾರೆ.

ಸಂಶೋಧಕಿ: ಸುರಕ್ಷತೆಯ ನಿಜವಾದ ಪ್ರಶ್ನೆ ಅಲ್ಲಿಯೇ ಇದೆ. ಸುದ್ದಿಯು ಕೂಲಿಯೊಂದಿಗೆ ಸ್ಪರ್ಧಿಸಬೇಕಾದ ಸ್ಥಿತಿಯಿರುವವರೆಗೆ ಸುದ್ದಿಯೇ ಸೋಲುತ್ತದೆ. ಬೆಳಿಗ್ಗೆ ಹಾಜರಿ ಕೂಗುವಾಗ ರೈಟರು ಅಥವಾ ಮೇಸ್ತ್ರಿಯು ಮೊದಲು ಆನೆಯ ಸುದ್ದಿಯನ್ನು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಹೇಳಿಯೇ ಕೆಲಸ ಹಂಚುವುದು, ಆನೆಯಿರುವ ಭಾಗದ ಬದಲು ಬೇರೆ ಭಾಗಕ್ಕೋ ಕಾಫಿ ಕಣದ ಕೆಲಸಕ್ಕೋ ಕಳುಹಿಸುವುದು, ಬೇರೆ ಕೆಲಸವೇ ಇಲ್ಲದ ದಿನ ಆ ಕೂಲಿಯನ್ನು ಭರಿಸುವುದು ಇವು ಯಾವ ಕಂದಕಕ್ಕೂ ಬೇಲಿಗೂ ಹೋಲಿಸಿದರೆ ಅಗ್ಗದ ಕ್ರಮಗಳು. ಕೂಲಿಯ ಆ ಹೊರೆಯನ್ನು ಸಣ್ಣ ಹಿಡುವಳಿದಾರರು ಒಬ್ಬರೇ ಹೊರಲಾರರು; ಬೆಳೆನಷ್ಟಕ್ಕೂ ಪ್ರಾಣಹಾನಿಗೂ ಪರಿಹಾರ ಕೊಡುವ ಸರಕಾರವು ಪ್ರಾಣ ಉಳಿಸಿದ ದಿನದ ಕೂಲಿಗೂ ನೆರವಾಗಬೇಕೆಂದು ಬೆಳೆಗಾರರ ಸಂಘಗಳು ಕೇಳುವುದು ನ್ಯಾಯವಾದ ಬೇಡಿಕೆ.

ಬೆಳೆಗಾರ: ಹಾಜರಿಯ ಮೊದಲು ಸುದ್ದಿ ಹೇಳುವುದಕ್ಕೆ ಯಾವ ಸರಕಾರಕ್ಕೂ ಕಾಯಬೇಕಿಲ್ಲ. ಅಸ್ಸಾಮಿನವರ ಲೈನ್ ಮನೆಗಳಲ್ಲಿ ಕನ್ನಡ ಕಲಿತ ಒಬ್ಬಿಬ್ಬರಾದರೂ ಇರುತ್ತಾರೆ, ಹಿಂದಿನ ರಾತ್ರಿಯೇ ಅವರಿಗೆ ಫೋನ್ ಮಾಡಿ ತಿಳಿಸಬಹುದು. ಕೂಲಿಯ ಮಾತನ್ನು ಮಾತ್ರ ಈ ಸಲದ ಸಂಘದ ಸಭೆಯಲ್ಲಿ ಇಡಬೇಕಾಗುತ್ತದೆ, ಅಲ್ಲಿ ಒಪ್ಪದವರೂ ಇರುತ್ತಾರೆ.